ಮೊದಲ ಹಿಡಿ ಮಣ್ಣು



ಸಭೆ ಶುರುವಾಗುವ ಮೊದಲು, ಈ ವರ್ಷ ಅಗಲಿದವರಿಗಾಗಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಿದೆವು. ನನ್ನ ಮಾತನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತೇನೆ. ನಮ್ಮ ಧಾರವಾಡದ ಕವಿ ಬೇಂದ್ರೆಯವರು 1981ರ ಅಕ್ಟೋಬರ್ 26ರಂದು ಕೊನೆಯುಸಿರೆಳೆದದ್ದು ನಿಮ್ಮ ಈ ಮುಂಬಯಿಯಲ್ಲೇ. ಧಾರವಾಡದವನೊಬ್ಬ ಇಲ್ಲಿ ಸಾವಿನ ಮಾತಾಡಿದರೆ ನೀವು ಬೇಸರಿಸಲಾರಿರಿ ಎಂದುಕೊಂಡಿದ್ದೇನೆ.

ನಾನು ಧಾರವಾಡದ ಕೆಲಗೇರಿಯವನು. ಯಾರಾದರೂ ತೀರಿಕೊಂಡರೆ ನಮ್ಮ ಕಡೆ "ಮಣ್ಣಿಗೆ ಹೋಗಿ ಬಂದ್ವಿ" ಅಂತಾರೆ. ರಾತ್ರಿಯಿಡೀ ಭಜನೆ, ಅಂಗಳದ ತುಂಬ ಓಣಿಯ ಮಂದಿ. ಕುಣಿಯ ಹತ್ತಿರ ಮಾತ್ರ ಒಂದು ಸರದಿ ಇದೆ. ಮೊದಲ ಹಿಡಿ ಮಣ್ಣು ಮಕ್ಕಳದು. ಆಮೇಲೆ ಬೀಗರು, ಬಿಜ್ಜರು, ಹೊಲದಲ್ಲಿ ಜೊತೆಗೆ ದುಡಿದವರು, ಹೆಸರೇ ಗೊತ್ತಿಲ್ಲದ ಪರವೂರವರು. ಯಾರನ್ನೂ ಬ್ಯಾಡ ಅನ್ನುವುದಿಲ್ಲ. ನಾಡೇ ಮೆಚ್ಚಿದವರು ಸತ್ತಾಗ ಈ ಸರದಿ ತಪ್ಪಿಹೋಗುತ್ತದಲ್ಲ, ಅದು ನನ್ನ ಸಂಕಟ.

2006ರ ಏಪ್ರಿಲ್ 12ರಂದು ರಾಜಕುಮಾರ್ ಹೋದರು. ಅವರನ್ನು ನಾವು ಅಣ್ಣಾವ್ರು ಅಂದೆವು. ಅಣ್ಣ ಅಂದಮೇಲೆ ನಾವೂ ಮನೆಯವರೇ ಎಂಬ ಭಾವ ಸುಳ್ಳಲ್ಲ. ಆದರೆ ಆ ಎರಡು ದಿನ ಬೆಂಗಳೂರು ಹೊತ್ತಿ ಉರಿಯಿತು. ಪೊಲೀಸ್ ಒಬ್ಬರೂ ಸೇರಿ 8 ಜನ ಸತ್ತರು. ಸರ್ಕಾರಿ ಗೌರವಕ್ಕೆ ಏನೂ ಕಡಿಮೆಯಾಗಿರಲಿಲ್ಲ. ಜನಕ್ಕೆ ಕೊನೆಯ ಬಾರಿ ಮುಖ ನೋಡಲು ಪುರುಸೊತ್ತು ಸಿಗಲಿಲ್ಲ, ಮನೆಯವರಿಗೆ ಅಳಲು ನೆಮ್ಮದಿ ಸಿಗಲಿಲ್ಲ. ಆ 8 ಮನೆಗಳಲ್ಲೂ ಅದೇ ವಾರ ಮಣ್ಣು ಮಾಡಿದ್ದಾರೆ. ಅದನ್ನು ನೆನೆದಾಗ ಇಂದಿಗೂ ಗಂಟಲು ಕಟ್ಟುತ್ತದೆ.

ರಾಜಕುಮಾರ್ ಅವರ ಮಗ ಪುನೀತ್ 2021ರ ಅಕ್ಟೋಬರ್ 29ರಂದು, ಬರೀ 46ನೇ ವಯಸ್ಸಿಗೆ ಹೋದಾಗ ಹಾಗಾಗಲಿಲ್ಲ. ಕಂಠೀರವ ಕ್ರೀಡಾಂಗಣದಲ್ಲಿ ಹಗಲು ರಾತ್ರಿ ಜನ ಸಾಲಿನಲ್ಲಿ ಬಂದು ಮುಖ ನೋಡಿದರು. ಅಮೆರಿಕದಿಂದ ಮಗಳು ಬರುವವರೆಗೆ ಕಾದರು. 31ರ ನಸುಕಿನಲ್ಲಿ ಕಂಠೀರವ ಸ್ಟುಡಿಯೋದಲ್ಲಿ ತಂದೆತಾಯಿಯ ಪಕ್ಕ ಮಣ್ಣು ಮಾಡಿದರು. ಅಲ್ಲೂ ಕುಶಾಲತೋಪು ಹಾರಿತು, ಪೊಲೀಸರು ವಂದನೆ ಸಲ್ಲಿಸಿದರು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಮಗಳಿಗಾಗಿ ಕಾದದ್ದು. ಸರ್ಕಾರದ ನಿಜವಾದ ಕೆಲಸ ಅಲ್ಲಿತ್ತು: ಸಾಲು ಹಚ್ಚುವುದು, ಹೊತ್ತು ಗೊತ್ತು ಮಾಡುವುದು, ಮಗಳ ಪಾಲಿನ ಹಿಡಿ ಮಣ್ಣನ್ನು ಕಾಯುವುದು.

ತೋಪು ಹಾರಿಸಿದ ಮಾತ್ರಕ್ಕೆ ಋಣ ತೀರುವುದಿಲ್ಲ. ವಿಷ್ಣುವರ್ಧನ್ ಅವರನ್ನು 2009ರ ಡಿಸೆಂಬರ್ 30ರಂದು ಸಕಲ ಸರ್ಕಾರಿ ಗೌರವಗಳೊಂದಿಗೆ ಕಳಿಸಿಕೊಟ್ಟೆವು. ಮೈಸೂರಿನಲ್ಲಿ ಸ್ಮಾರಕ ತೆರೆದದ್ದು 2023ರ ಜನವರಿಯಲ್ಲಿ. ಅವರನ್ನು ದಹಿಸಿದ ಬೆಂಗಳೂರಿನ ಅಭಿಮಾನ್ ಸ್ಟುಡಿಯೋದ ಸಮಾಧಿಯನ್ನು 2025ರ ಆಗಸ್ಟ್‌ನಲ್ಲಿ ನೆಲಸಮ ಮಾಡಿದರು. ಇದಕ್ಕೆ ಗೌರವ ಅನ್ನಬೇಕೇ?

ಈಗ ನನ್ನೂರಿನವರ ಮಾತು. ಗಿರೀಶ ಕಾರ್ನಾಡರು ಸಾರಸ್ವತಪುರದಲ್ಲಿ ಬೆಳೆದವರು, ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಅವರ ನಾಟಕಗಳನ್ನು ಅಚ್ಚು ಹಾಕಿದ್ದು ನಮ್ಮ ಮನೋಹರ ಗ್ರಂಥಮಾಲೆ. 2019ರ ಜೂನ್ 10ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡಾಗ ಸರ್ಕಾರ ಮೂರು ದಿನದ ಶೋಕ ಘೋಷಿಸಿತು. ಮನೆಯವರು ಮಾತ್ರ ಕಾರ್ನಾಡರ ಇಚ್ಛೆಯಂತೆ ಸರ್ಕಾರಿ ಗೌರವ ಬೇಡ, ಮೆರವಣಿಗೆ ಬೇಡ, ವಿಧಿಗಳು ಬೇಡ ಅಂದರು. ಅದೇ ದಿನ ಕಲ್ಪಳ್ಳಿಯ ವಿದ್ಯುತ್ ಚಿತಾಗಾರದಲ್ಲಿ ಎಲ್ಲ ಮುಗಿಯಿತು.

ಅಂದು ನನಗೆ ಸಿಟ್ಟು ಬಂದಿತ್ತು. ಧಾರವಾಡಕ್ಕೆ ಮುಖ ತೋರಿಸದೆ ಹೋದರಲ್ಲ, ನಮ್ಮ ಪಾಲಿನ ಹಿಡಿ ಮಣ್ಣು ಎಲ್ಲಿ ಎಂದು ಕೆಲಗೇರಿ ಕೆರೆಯ ದಂಡೆಯ ಮೇಲೆ ಕೂತು ಗೆಳೆಯನೊಡನೆ ವಾದಿಸಿದ್ದೆ. ಅವನು ಕೇಳಿದ: "ಇದ್ದಾಗ ಅವರ ಮಾತು ಕೇಳಿದಿ, ಹೋದಮ್ಯಾಲೆ ಯಾಕ ಕೇಳವಲ್ಲಿ?" ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ 'ತುಘಲಕ್' ತೆಗೆದು ಮೊದಲಿನಿಂದ ಓದಿದೆ. ಬೆಳಗಾಗುವ ಹೊತ್ತಿಗೆ ಸಿಟ್ಟು ಇಳಿದಿತ್ತು.

ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರು ಇನ್ನೂ ಮುಂದೆ ಹೋದರು. ತಮ್ಮ ದೇಹವನ್ನು ಮಣ್ಣಿನಲ್ಲಿಡದೆ ಅಗ್ನಿಗೆ ಕೊಡಬೇಕು, ಬೂದಿಯನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದು 2014ರಲ್ಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಸರ್ಕಾರ ತನ್ನ ಗೌರವ ಸಲ್ಲಿಸಿತು, ಜನಸಾಗರವೇ ಹರಿದು ಬಂತು. ಆದರೆ ಗದ್ದುಗೆ ಏಳಲಿಲ್ಲ. ಅಷ್ಟು ಭಕ್ತರ ಆಸೆಗಿಂತ ಆ ಒಂದು ಪತ್ರ ದೊಡ್ಡದಾಯಿತು.

ನೀವು ಮುಂಬಯಿಯವರು ಶ್ರೀದೇವಿಯವರನ್ನೂ ಲತಾ ಮಂಗೇಶ್ಕರ್ ಅವರನ್ನೂ ಸರ್ಕಾರಿ ಗೌರವದೊಂದಿಗೆ ಕಳಿಸಿಕೊಟ್ಟವರು. ಅದು ತಪ್ಪೆಂದು ನಾನು ಹೇಳುವುದಿಲ್ಲ. ನಾನು ಕೇಳುವುದು ಇಷ್ಟೇ: ಗೌರವ ಘೋಷಿಸುವ ಮುಂಚೆ ಯಾರಾದರೊಬ್ಬರು ಚಪ್ಪಲಿ ಹೊರಗೆ ಬಿಟ್ಟು ಆ ಮನೆಯೊಳಗೆ ಹೋಗಿ, ಹೆಂಡತಿಯನ್ನೋ ಮಗನನ್ನೋ ಮೆತ್ತಗೆ ಕೇಳಲಿ. ಬೇಡ ಅಂದರೆ ಕೈ ಮುಗಿದು ಹೊರಗೆ ಬಂದು, ನಮ್ಮ ಜೊತೆ ಸಾಲಿನಲ್ಲಿ ನಿಲ್ಲಲಿ.

ನನ್ನನ್ನು ಕಾಯುವ ಅಭಿಮಾನಿಗಳಿಲ್ಲ. ಆದರೂ ನಿಮ್ಮ ಹಾಗೆ ನನ್ನ ಮಕ್ಕಳೂ ಪರವೂರಲ್ಲಿದ್ದಾರೆ. ಹೋದ ದೀಪಾವಳಿಗೆ ಅವರು ಬಂದಾಗ ಒಂದು ಹಾಳೆ ಬರೆದೆ: ಎಲ್ಲಿ, ಹೇಗೆ, ಯಾರಿಗಾಗಿ ಎಷ್ಟು ಹೊತ್ತು ಕಾಯಬೇಕು ಎಂದು. ಮಗಳು ಓದುತ್ತ ಅತ್ತಳು. ಆಮೇಲೆ ಅದನ್ನು ಮಡಚಿ ಮನೆಯ ಕಾಗದಪತ್ರಗಳ ಜೊತೆ ಟ್ರಂಕಿನಲ್ಲಿ ಇಟ್ಟಳು.