ಗುಡ್ಡದ ಭೂಮಿ: ಕೊಳ್ಳುವವರ ಹೊಣೆ, ಮಾರುವವರ ಎಚ್ಚರ

(ಬಳಗದ ವಾರ್ಷಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಹೊರಗಿನಿಂದ ಬಂದು ಇಲ್ಲಿ ಭೂಮಿ ಕೊಂಡವನನ್ನೇ ಈ ವೇದಿಕೆಗೆ ಕರೆದಿರುವುದು ಬಳಗದ ದೊಡ್ಡತನ. ಪರಿಸರದ ಬಗ್ಗೆ ನಿಮಗೆ ಪಾಠ ಹೇಳುವ ಅರ್ಹತೆ ನನಗಿಲ್ಲ. ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದಿಟ್ಟು, ಅದರಿಂದ ಕೊಳ್ಳುವವರೂ ಮಾರುವವರೂ ಕಲಿಯಬೇಕಾದುದೇನೆಂದು ವಿಚಾರಿಸಲು ಬಂದಿದ್ದೇನೆ.

ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿಲೋಮೀಟರ್. ಶುಕ್ರವಾರ ಸಂಜೆ ಹೊರಟವರು ರಾತ್ರಿ ಮಲಗುವ ಹೊತ್ತಿಗೆ ತಲುಪಬಹುದು. ನಗರದ ದುಡಿಮೆಯನ್ನು ಬಿಡದೆಯೇ ಹಳ್ಳಿಯಲ್ಲಿ ನೆಲೆಸಬಹುದೆಂಬ ಆಸೆ ಹುಟ್ಟುವುದು ಈ ದೂರದಿಂದಲೇ. ಹಿಂದೆ ಈ ಆಸೆಗೆ ಕಾನೂನಿನ ತಡೆಯಿತ್ತು. 1961ರ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಸೇರಿದ 79ಎ ಕಲಂ, ಕೃಷಿಯೇತರ ಆದಾಯ ನಿಗದಿತ ಮಿತಿಯನ್ನು ಮೀರಿದವರು ಕೃಷಿಭೂಮಿ ಕೊಳ್ಳದಂತೆ ತಡೆದಿತ್ತು. 2015ರಲ್ಲಿ ಆ ಮಿತಿಯನ್ನು 25 ಲಕ್ಷ ರೂಪಾಯಿಗೆ ಏರಿಸಲಾಯಿತು. 2020ರ ತಿದ್ದುಪಡಿಯು ಆ ಕಲಮನ್ನೇ ತೆಗೆದುಹಾಕಿತು. ಮರುವರ್ಷ ನಾನು ಈ ಸೀಮೆಯಲ್ಲಿ ಐದು ಎಕರೆ ಕೊಂಡೆ.

ಕೊಳ್ಳುವಾಗ ಪಹಣಿ ನೋಡಿದೆ, ಋಣಭಾರ ಪತ್ರ ನೋಡಿದೆ, ಹದ್ದುಬಸ್ತು ಮಾಡಿಸಿದೆ. ಕಾಗದದಲ್ಲಿ ಯಾವ ದೋಷವೂ ಇರಲಿಲ್ಲ. ಮೇಲ್ಭಾಗದಲ್ಲಿ ಹಳೆಯ ಕಾಫಿ ತೋಟ, ಕೆಳಗೆ ಉಳುಮೆ ಬಿಟ್ಟ ಎರಡು ಮಡಿ ಗದ್ದೆ, ನಡುವೆ ಇಳಿಜಾರು. ಆ ಇಳಿಜಾರಿನ ಬಂಡೆಯ ಸಂದಿನಿಂದ ಬರುವ ಅಬ್ಬಿ ನೀರು ಕೆಳಗಿನ ಮೂರು ಮನೆಗಳ ಕುಡಿಯುವ ನೀರೆಂದು ಯಾವ ಕಾಗದದಲ್ಲಿಯೂ ಬರೆದಿರಲಿಲ್ಲ. ಮಾರಿದವರು ಹೇಳಲಿಲ್ಲ, ಏಕೆಂದರೆ ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದು ಅವರು ಭಾವಿಸಿದ್ದರು. ನಾನು ಕೇಳಲಿಲ್ಲ, ಏಕೆಂದರೆ ಕೇಳಬೇಕೆಂದೇ ನನಗೆ ತಿಳಿದಿರಲಿಲ್ಲ.

ಬೇಸಿಗೆಯಲ್ಲಿ ಯಂತ್ರ ತರಿಸಿ, ಮನೆಗೆ ಸಮತಟ್ಟು ಜಾಗ ಬೇಕೆಂದು ಇಳಿಜಾರಿನ ಬುಡವನ್ನು ಕಡಿಸಿದೆ. ಸುತ್ತಲೂ ತಂತಿ ಬೇಲಿ ಹಾಕಿಸಿದೆ. ಜುಲೈ ತಿಂಗಳ ಮಳೆಗೆ ಕಡಿದ ದರೆ ಜಾರಿ, ಮಣ್ಣು ಒರತೆಯ ಮೇಲೆ ಬಿತ್ತು. ಎರಡು ದಿನಗಳ ನಂತರ ಕೆಳಮನೆಯ ಅಜ್ಜಿಯೊಬ್ಬರು ಖಾಲಿ ಕೊಡ ಹಿಡಿದು ಬೇಲಿಯ ಆಚೆ ನಿಂತಿದ್ದರು. ಅವರು ಬೈಯಲಿಲ್ಲ. "ನೀರು ಕೆಂಪಾಗಿದೆ, ಒಳಗೆ ಬಂದು ನೋಡಬಹುದೇ?" ಎಂದು ನನ್ನ ಅನುಮತಿ ಕೇಳಿದರು. ತಲೆಮಾರುಗಳಿಂದ ತಮ್ಮದಾಗಿದ್ದ ನೀರಿಗೆ ಅವರು ನನ್ನ ಅನುಮತಿ ಕೇಳುವಂತಾದದ್ದು ನನ್ನನ್ನು ಇಂದಿಗೂ ಬಾಧಿಸುತ್ತದೆ.

ಇದರ ಕಾರಣವನ್ನು ನಾನು ಆಮೇಲೆ ತಿಳಿದುಕೊಂಡೆ. ನಮ್ಮ ಗುಡ್ಡಗಳಲ್ಲಿ ಸಡಿಲ ಮಣ್ಣು ಮೇಲೆ, ಗಟ್ಟಿ ಶಿಲೆ ಕೆಳಗೆ. ಮಳೆಯ ನೀರು ಮಣ್ಣಿನಲ್ಲಿ ಇಂಗಿ, ಶಿಲೆಯ ಮೇಲೆ ಹರಿದು, ಸಂದು ಸಿಕ್ಕಲ್ಲಿ ಒರತೆಯಾಗುತ್ತದೆ. ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ನೀರು ತುಂಬಿ ಭಾರವಾದಾಗ ಅದು ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆದ ಅನಾಹುತವನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಇಳಿಜಾರುಗಳನ್ನು ಕಡಿದುದನ್ನು ಕಾರಣಗಳಲ್ಲಿ ಎಣಿಸಿದೆ. 2024ರ ಜುಲೈನಲ್ಲಿ ಶಿರಾಡಿ ಘಾಟಿಯ ಹೆದ್ದಾರಿಯ ಮೇಲೆ ಗುಡ್ಡ ಕುಸಿದುದನ್ನು, ಎಡಕುಮೇರಿಯ ಬಳಿ ರೈಲು ಹಳಿಯ ಕೆಳಗಿನ ಮಣ್ಣು ಜಾರಿದುದನ್ನು ನೀವು ಬಲ್ಲಿರಿ. ಹೆದ್ದಾರಿಗೆ ಆದದ್ದು ಪತ್ರಿಕೆಗೆ ಬಂತು. ಒಂದು ಮನೆಯ ಒರತೆಗೆ ಆದದ್ದು ಎಲ್ಲಿಯೂ ಬರುವುದಿಲ್ಲ.

ನಾನು ಬೇಲಿಯಲ್ಲಿ ದಾರಿ ಬಿಡಿಸಿದೆ. ಊರವರ ಸಲಹೆಯಂತೆ ಮಣ್ಣು ತೆಗೆಸಿ, ಸಿಮೆಂಟು ಬಳಸದೆ ಕಲ್ಲಿನ ಪಾಗಾರ ಕಟ್ಟಿಸಿದೆ, ಮೇಲೆ ಹುಲ್ಲು ಬೆಳೆಯಲು ಬಿಟ್ಟೆ. ನೀರು ತಿಳಿಯಾಯಿತು. ಆದರೆ ವರ್ಷವಿಡೀ ಬರುತ್ತಿದ್ದ ಒರತೆ ಈಗ ಮಾರ್ಚ್ ಕೊನೆಗೆ ನಿಲ್ಲುತ್ತದೆ. ಆ ಎರಡು ತಿಂಗಳು ಮೂರು ಮನೆಯವರು ಹಳ್ಳದಿಂದ ನೀರು ಹೊರುತ್ತಾರೆ. ಇದು ನಾನು ತೀರಿಸಲಾಗದ ಸಾಲ.

ಭೂಮಿ ಮಾರಬೇಡಿ ಎಂದು ಹೇಳುವ ಹಕ್ಕು ನನಗಿಲ್ಲ. ಮಕ್ಕಳು ನಗರ ಸೇರಿದ್ದಾರೆ, ಕೂಲಿಗೆ ಜನರಿಲ್ಲ, ಆಸ್ಪತ್ರೆಯ ಖರ್ಚು ಕಾಯುವುದಿಲ್ಲ. ಮಾರುವ ಕಷ್ಟ ಮಾರುವವರಿಗೇ ಗೊತ್ತು. ಆದರೆ ಮಾರುವಾಗ ಮೂರು ಸಂಗತಿಗಳನ್ನು ಗಮನಿಸಿರಿ. ಮೊದಲನೆಯದು, ಒರತೆಯ ಮೇಲಿನ ಇಳಿಜಾರನ್ನು ಕೊನೆಯವರೆಗೂ ಉಳಿಸಿಕೊಳ್ಳಿರಿ. ಎರಡನೆಯದು, ಕಾಲುದಾರಿ ಮತ್ತು ನೀರಿನ ಹಕ್ಕನ್ನು ಕ್ರಯಪತ್ರದಲ್ಲಿಯೇ ಬರೆಸಿರಿ. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆಯ ಪ್ರಕಾರ 20 ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕಿನಿಂದ ಬಳಸಿದ ದಾರಿ ಮತ್ತು ನೀರು ಬಳಸಿದವರ ಹಕ್ಕಾಗುತ್ತದೆ. ಆದರೆ ಬರಹದಲ್ಲಿಲ್ಲದ ಹಕ್ಕನ್ನು ನ್ಯಾಯಾಲಯದಲ್ಲಿ ಸಾಧಿಸುವುದು ಬಡವರಿಗೆ ಸುಲಭವಲ್ಲ. ಮೂರನೆಯದು, ಮಾರುವ ಮುನ್ನ ಕೆಳಗಿನ ಮನೆಯವರನ್ನು ಕರೆದು ಕೊಳ್ಳುವವರೊಡನೆ ಗಡಿ ಸುತ್ತಿರಿ. ನನಗಾಗಿ ಯಾರಾದರೂ ಅಷ್ಟು ಮಾಡಿದ್ದರೆ ಈ ಭಾಷಣಕ್ಕೆ ಕಾರಣವೇ ಇರುತ್ತಿರಲಿಲ್ಲ.

ನನ್ನಂತೆ ಬರುವವರಿಗೆ ನಾನು ಹೇಳುವುದು ಒಂದೇ. ಮನೆ ಕಟ್ಟುವ ಮೊದಲು ಒಂದು ಮಳೆಗಾಲ, ಒಂದು ಬೇಸಿಗೆ ಇಲ್ಲಿ ಬಾಡಿಗೆಗೆ ಇರಿ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಕಣ್ಣಾರೆ ನೋಡಿರಿ. ಇಲ್ಲಿನ ಹಳ್ಳಗಳು ಹೇಮಾವತಿಯನ್ನು ಸೇರುತ್ತವೆ, ಹೇಮಾವತಿ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ, ಬೆಂಗಳೂರಿನ ನಲ್ಲಿಗೆ ಬರುವುದು ಆ ಕಾವೇರಿಯೇ. 2024ರ ಬೇಸಿಗೆಯಲ್ಲಿ ನೀರಿಲ್ಲದೆ ಕಂಗೆಟ್ಟ ನಗರವನ್ನು ಬಿಟ್ಟು, ಅದೇ ನೀರಿನ ಮೂಲದಲ್ಲಿ ಗುಡ್ಡ ಕಡಿಯುವುದು ವಿವೇಕವಲ್ಲ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ ಒಪ್ಪಿಸುತ್ತೇನೆ. ಗ್ರಾಮ ನಕ್ಷೆಯ ಪ್ರತಿ ಪಡೆದು, ನಿಮ್ಮ ಊರಿನ ಪ್ರತಿ ಒರತೆಯನ್ನು ಸರ್ವೆ ನಂಬರಿನೊಡನೆ ಗುರುತಿಸಿರಿ. 10 ಲೀಟರಿನ ಬಕೆಟ್ಟು ತುಂಬಲು ಎಷ್ಟು ನಿಮಿಷ ಹಿಡಿಯಿತೆಂದು ನವೆಂಬರ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಬರೆದಿಡಿರಿ. ಅದನ್ನು ಕುಡಿಯುವ ಮನೆಗಳೆಷ್ಟು ಎಂಬುದನ್ನೂ ಸೇರಿಸಿರಿ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ನಡಾವಳಿಯಲ್ಲಿ ದಾಖಲಿಸಲು ಕೋರಿರಿ. ಮುಂದೆ ಭೂಮಿ ಯಾರ ಕೈಗೆ ಹೋದರೂ, ಗೊತ್ತಿರಲಿಲ್ಲ ಎಂದು ನನ್ನಂತೆ ಹೇಳುವ ಅವಕಾಶ ಯಾರಿಗೂ ಇರಬಾರದು.