ನೋಡಿ ಕೊಡಿ ಸಾರ್

ಗೌರಿಬಿದನೂರು ಸೀಮೆಯ ಹಳ್ಳಿಗಳಲ್ಲಿ ಬೆಳಗ್ಗೆ ಕ್ಲಾಸಿಗೆ ಹೊರಡುವ ಮೊದಲೇ ಕಾಲೇಜು ಹುಡುಗರ ಒಂದು ಪಾಳಿ ಕೆಲಸ ಮುಗಿದಿರುತ್ತದೆ. ಹಸುವಿಗೆ ಹುಲ್ಲು ಕೊಯ್ದು ತಂದು, ಡೇರಿಗೆ ಹಾಲು ಹಾಕಿ, ರೇಷ್ಮೆ ಸಾಕುವ ಮನೆಯಾದರೆ ಹುಳುಗಳಿಗೆ ಸೊಪ್ಪೂ ಕೊಟ್ಟು, ಆಮೇಲೆ ಸ್ನಾನ, ಬಸ್ಸು, ಕ್ಲಾಸು. ಇದನ್ನು ಯಾರೂ ದುಡಿಮೆ ಅನ್ನುವುದಿಲ್ಲ. ಮನೆಗೆಲಸ, ಅಷ್ಟೆ.

ಅದೇ ತಾಲ್ಲೂಕಿನ ಕುಡುಮಲಕುಂಟೆಗೆ ಬನ್ನಿ. ಕೆಐಎಡಿಬಿಯ ಕೈಗಾರಿಕಾ ಪ್ರದೇಶ. ಕಾರ್ಖಾನೆ ಅಂದಮೇಲೆ ಆಫೀಸಿನ ಮುಂದೆ ಒಂದಿಷ್ಟು ಲಾನ್ ಇರಲೇಬೇಕು ಎಂದು ಕಟ್ಟಿಸುವವರು ಅಂದುಕೊಂಡುಬಿಟ್ಟಿರುತ್ತಾರೆ. ಅಲ್ಲೂ ಕೊಯ್ಯುವುದು ಹುಲ್ಲನ್ನೇ. ಆದರೆ ಅದಕ್ಕೆ ಚದರಡಿಗೆ ಇಷ್ಟು ಎಂಬ ದರವುಂಟು, ತಿಂಗಳ ಗುತ್ತಿಗೆಯುಂಟು, ಬಿಲ್ಲುಂಟು. ಓದುತ್ತಿರುವ ಹುಡುಗನೋ ಹುಡುಗಿಯೋ ಈ ಗುತ್ತಿಗೆ ಯಾಕೆ ಹಿಡಿಯಬಾರದು?

ಅಮೆರಿಕದಲ್ಲಿ ಬೇಸಿಗೆ ರಜೆ ಬಂತೆಂದರೆ ಅಕ್ಕಪಕ್ಕದ ಮನೆಗಳ ಲಾನ್ ಕತ್ತರಿಸಿ ಫೀಸಿಗೆ ದುಡ್ಡು ಹೊಂದಿಸಿಕೊಳ್ಳುವುದು ವಿದ್ಯಾರ್ಥಿಗಳಿಗೆ ಹಳೆಯ ರೂಢಿ. ನಮ್ಮಲ್ಲಿ ಪಕ್ಕದ ಮನೆಯ ಅಂಗಳವಿರುವುದು ರಾಗಿ ಒಣಗಿಸಲಿಕ್ಕೆ, ಹುಣಸೆಹಣ್ಣು ಕುಟ್ಟಲಿಕ್ಕೆ. ಅಲ್ಲಿ ಹುಲ್ಲು ಬೆಳೆಸಿದರೆ ಅಜ್ಜಿ ಸುಮ್ಮನಿರುವುದಿಲ್ಲ. ಹಾಗಾಗಿ ಇಲ್ಲಿನ ಗಿರಾಕಿಗಳೇ ಬೇರೆ: ಕಾರ್ಖಾನೆ, ಲೇಔಟು, ಕಲ್ಯಾಣ ಮಂಟಪ, ನಂದಿ ಬೆಟ್ಟದ ಸುತ್ತಲಿನ ರೆಸಾರ್ಟು.

ನರ್ಸರಿಗೆ ಹೋದರೆ ಮೆಕ್ಸಿಕನ್, ಕೊರಿಯನ್, ಬರ್ಮುಡಾ ಎಂದು ಹೆಸರು ಹೇಳುತ್ತಾರೆ. ಹೆದರಬೇಡಿ, ಸಾಮಾನ್ಯ ಬರ್ಮುಡಾ ನಮ್ಮ ಗರಿಕೆಯೇ. ಅಮ್ಮ ಕಡಲೆಕಾಯಿ ಹೊಲದಲ್ಲಿ ಶಪಿಸುತ್ತಾ ಕಿತ್ತೆಸೆಯುವುದೂ ಅದನ್ನೇ, ಗಣೇಶನಿಗೆ ಏರಿಸುವುದೂ ಅದನ್ನೇ. ಅದರ ಹಟಮಾರಿತನ ಈ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕಲಿಯಬೇಕಾದ್ದು ಬೇರೆ ಇದೆ. ಮೇವಿಗಾದರೆ ಬುಡಮಟ್ಟ ಕೊಯ್ದು ರೂಢಿ. ಲಾನಿನಲ್ಲಿ ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಬೋಳಿಸಿದರೆ ಬೇರು ಸೊರಗುತ್ತದೆ, ಬರಿಯ ನೆಲಕ್ಕೆ ಬಿಸಿಲು ಬಿದ್ದು ಕಳೆ ಏಳುತ್ತದೆ. ಮೆಷಿನ್ನಿನ ಬ್ಲೇಡು ಮೊಂಡಾಗಿದ್ದರೆ ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಒಂದೆರಡು ದಿನದಲ್ಲಿ ತುದಿಗಳೆಲ್ಲ ಬಿಳಿಚಿಕೊಂಡಾಗ ಮ್ಯಾನೇಜರು ನೀರು ಸಾಲದು ಅಂದುಕೊಂಡು ಇನ್ನಷ್ಟು ಬಿಡಿಸುತ್ತಾರೆ. ಬೇಕಿದ್ದದ್ದು ಸಾಣೆ. ಇನ್ನು ಜೇಕು. ಅದು ಲೋಡುಗಟ್ಟಲೆ ತರಿಸಿದ ಮಣ್ಣಿನ ಜೊತೆಗೇ ಬಂದಿರುತ್ತದೆ. ಎಲೆ ಹಿಡಿದು ಎಳೆದರೆ ಕೈಗೆ ಬರುವುದು ಎಲೆ ಮಾತ್ರ. ಒಳಗುಳಿದ ಗಡ್ಡೆ ವಾರದೊಳಗೆ ಮತ್ತೆ ತಲೆಯೆತ್ತುತ್ತದೆ. ಮಣ್ಣು ಹಸಿಯಿರುವಾಗ ಕೂತು ಗಡ್ಡೆಸಮೇತ ಎಬ್ಬಿಸಬೇಕು. ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆಂದೇ 10 ತಿಂಗಳ ತರಬೇತಿ ನಡೆಸುತ್ತದೆ. ಕಾಲೇಜಿನಲ್ಲಿರುವವರಿಗೆ ಅಷ್ಟು ಬಿಡುವೆಲ್ಲಿ? ಒಂದು ಭಾನುವಾರ ಲಾಲ್‌ಬಾಗಿಗೆ ಹೋಗಿ ಮಾಲಿಗಳು ಕೆಲಸ ಮಾಡುವುದನ್ನು ನೋಡುತ್ತಾ ನಿಂತರೂ ಅರ್ಧ ಪಾಠವಾದೀತು.

ಇಷ್ಟೆಲ್ಲ ಕಲಿತ ಮೇಲೂ ಹುಡುಗರು ಎಡವುವುದು ಒಂದು ಪ್ರಶ್ನೆಗೆ. "ಎಷ್ಟಪ್ಪಾ ಆಯ್ತು?" ಅಂದರೆ, ತಲೆ ತಗ್ಗಿಸಿ, "ನೀವೇ ನೋಡಿ ಕೊಡಿ ಸಾರ್."

ನಾವು ಅದನ್ನು ವಿನಯ ಅಂದುಕೊಂಡಿದ್ದೇವೆ. ಇದೇ ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯ. ಓದಬೇಕೆಂದು, ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಹೋದ ಆ ಹುಡುಗ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಈ ಕಥೆಯನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದರೂ ನಮಗೆ ಸಾಕಾಗುವುದಿಲ್ಲ, ಹೇಳಬೇಕಾದ್ದೇ. ಆದರೆ ಓದಿನ ಜೊತೆಗೆ ದುಡಿದು, ದುಡಿದದ್ದಕ್ಕೆ ಬೆಲೆ ಕೇಳಿದವರ ಕಥೆಯನ್ನು ಯಾಕೋ ಹೇಳುವುದಿಲ್ಲ. ಬಡತನಕ್ಕೆ ಕೊಡುವ ಮರ್ಯಾದೆಯನ್ನು ನಾವು ಬಿಲ್ಲಿಗೆ ಕೊಡುವುದಿಲ್ಲ.

ದರ ಹೇಳಲು ಧೈರ್ಯಕ್ಕಿಂತ ಲೆಕ್ಕ ಬೇಕು. ಬ್ರಷ್ ಕಟರ್ ಬಾಡಿಗೆ, ಪೆಟ್ರೋಲು, ಅದಕ್ಕೆ ಬೆರೆಸುವ ಆಯಿಲ್ಲು, ಸಾಣೆ, ಕಲ್ಲು ಸಿಡಿದರೆ ಕಣ್ಣು ಉಳಿಸುವ ಕನ್ನಡಕ, ಪರೀಕ್ಷೆಯ ವಾರ ಬದಲಿಗೆ ಬರುವ ಗೆಳೆಯನ ಕೂಲಿ. ಇವಿಷ್ಟೂ ಬರೆದು, ಕೊನೆಗೆ ತನ್ನ ಬೆಳಗಿನ ಮೂರು ಗಂಟೆಗೂ ಬೆಲೆ ಬರೆಯಬೇಕು. ಆ ಕೊನೆಯ ಸಾಲನ್ನೇ ಎಲ್ಲರೂ ಬಿಡುವುದು. ಸರ್ಕಾರದ ಉದ್ಯಮ್ ನೋಂದಣಿ 2020ರ ಜುಲೈಯಿಂದ ಆನ್‌ಲೈನಿನಲ್ಲಿದೆ, ಅದಕ್ಕೆ ಶುಲ್ಕವಿಲ್ಲ. ಹಾಗೆ ನೋಂದಾಯಿಸಿಕೊಂಡ ಸಣ್ಣವರ ಬಿಲ್ಲನ್ನು ದೊಡ್ಡ ಕಂಪನಿ 45 ದಿನ ಮೀರಿ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ 2006ರ ಕಾಯ್ದೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೂ ಬೇಕಿಲ್ಲ. ಬಿ.ಕಾಂ. ಓದುವವರಿಗೆ ಇದು ಪಠ್ಯದಲ್ಲೇ ಇದ್ದೀತು. ತಮ್ಮದೇ ಬಿಲ್ಲಿನಲ್ಲಿ ಅದನ್ನು ನೋಡುವ ರುಚಿ ಬೇರೆ.

ಇಲ್ಲೊಂದು ಮುಜುಗರವೂ ಇದೆ, ನೀರಿನದು. ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಉತ್ತರ ಪಿನಾಕಿನಿಯಲ್ಲಿ ನೀರಿಗಿಂತ ಮರಳು ಕಂಡ ದಿನಗಳೇ ಹೆಚ್ಚು. ಬೋರ್‌ವೆಲ್ಲು ಸಾವಿರ ಅಡಿ ದಾಟಿದರೂ ನೀರು ಸಿಗುವ ಖಾತ್ರಿಯಿಲ್ಲ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ತಂದು ಕೆರೆ ತುಂಬಿಸಿಕೊಳ್ಳುವ ಜಿಲ್ಲೆ ಇದು. ಬಿಸಿಲುಗಾಲದಲ್ಲಿ ಲಾನಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಎಂದಿಟ್ಟುಕೊಂಡರೂ, 1,000 ಚದರಡಿಗೆ ಸುಮಾರು 460 ಲೀಟರ್. 15 ಲೀಟರಿನ ಬಿಂದಿಗೆಯಲ್ಲಿ ಮೂವತ್ತು ಬಿಂದಿಗೆ, ಪ್ರತಿದಿನ.

"ಕಾಂಪೌಂಡಿನವರೆಗೂ ಹುಲ್ಲು ಹಾಕಿಬಿಡಪ್ಪಾ" ಎಂದು ಮ್ಯಾನೇಜರು ಹೇಳಿದರೆ ಗುತ್ತಿಗೆ ದೊಡ್ಡದಾಗುತ್ತದೆ, ನಿಜ. ಆದರೆ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಮನೆಯ ಮಗನಿಗೆ ಈ ಬಿಂದಿಗೆ ಲೆಕ್ಕ ಬಾಯಿಗೆ ಬಂದೀತು. "ಬೇಡ ಸಾರ್, ಜನ ಓಡಾಡುವ ಇಷ್ಟು ಜಾಗಕ್ಕೆ ಹುಲ್ಲು ಸಾಕು. ಆ ಕಡೆ ಹೊಂಗೆ, ನೆಲ್ಲಿ ನೆಡೋಣ, ಎರಡು ಬೇಸಿಗೆ ನೀರು ಹಾಕಿದರೆ ಮುಗೀತು." ಹಾಗೆ ಹೇಳಿದ ದಿನ ಅವನ ಚದರಡಿ ಕಮ್ಮಿಯಾಗುತ್ತದೆ. ಉಳಿದ ನೀರಿನ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಟ್ಟು, ಗುಣಿ ತೋಡಿ ಗಿಡ ನೆಟ್ಟದ್ದಕ್ಕೂ, ಆ ಸಲಹೆಗೂ ಬಿಲ್ಲಿನಲ್ಲಿ ಒಂದೊಂದು ಸಾಲು ಹಾಕಲಿ. ಮ್ಯಾನೇಜರು ಚೌಕಾಸಿ ಮಾಡಿಯೇ ಮಾಡುತ್ತಾರೆ, ಮಾಡಲಿ.