ಬೆನ್ನಿನ ಮೇಲಿನ ಭಾರದ ಲೆಕ್ಕ
(ಸಭಾಸದರ ಸಭೆಯಲ್ಲಿ ಮಾಡಿದ ಭಾಷಣ)



ಕಬ್ಬಿನ ಗಾಡಿ ಕಾಟಾದ ಮೇಲೆ ನಿಂತಾಗ ನಮ್ಮೆಲ್ಲರ ಕಣ್ಣು ತೂಕದ ಮೇಲೆಯೇ ಇರುತ್ತದೆ. ಆ ಹೊರೆಗಳನ್ನು ಏರಿಸಿದವನ ಬೆನ್ನಿಗೆ ಎಷ್ಟು ಭಾರ ಬಿತ್ತೆಂದು ಯಾರೂ ತೂಗುವುದಿಲ್ಲ. ಅದನ್ನು ತೂಗುವ ಶಾಸ್ತ್ರವೂ ಇದೆ. ಬಯೋಮೆಕ್ಯಾನಿಕ್ಸ್ ಎಂದು ಅದರ ಹೆಸರು; ಶರೀರದ ಚಲನವಲನದ ಯಂತ್ರಶಾಸ್ತ್ರವೆಂದರೆ ಸರಿಯಾದೀತು.

1891ರಲ್ಲಿ ಜರ್ಮನಿಯ ಲೈಪ್ಸಿಗ್‌ನಲ್ಲಿ ಬ್ರೌನೆ ಮತ್ತು ಫಿಷರ್ ಎಂಬ ಪಂಡಿತರು ಒಬ್ಬನ ಕೈಕಾಲಿಗೆ ಮಿನುಗುವ ವಿದ್ಯುತ್ ನಳಿಗೆ ಕಟ್ಟಿ, ಕತ್ತಲಲ್ಲಿ ನಡೆಸಿ, ಫೋಟೋ ತೆಗೆದು ನಡಿಗೆಯನ್ನು ಅಳೆದರು. ಲೆಕ್ಕವೆಲ್ಲ ಕೈಯಿಂದಲೇ. ಈಗ ಕ್ಯಾಮೆರಾ, ಕಂಪ್ಯೂಟರ್ ಬಂದಿವೆ. ಕಾಲೂರುವಲ್ಲಿ ನೆಲದೊಳಗೇ ಒಂದು ಸಣ್ಣ ಕಾಟಾ ಕೂಡಿಸಿರುತ್ತಾರೆ. ನಡೆಯಲು ಕಷ್ಟಪಡುವ ಮಗುವಿಗೆ ಯಾವ ಶಸ್ತ್ರಕ್ರಿಯೆ ಬೇಕೆಂದು ವೈದ್ಯರು ಇದರಿಂದ ಯೋಚಿಸುತ್ತಾರೆ.

ನಮಗೆ ಬೇಕಾದದ್ದು ಬೆನ್ನಿನ ಮಾತು. ಬೆನ್ನುಮೂಳೆಗಳ ನಡುವೆ ಡಿಸ್ಕ್ ಎಂಬ ಮೆತ್ತೆಗಳಿವೆ. 1960ರ ದಶಕದಲ್ಲಿ ಸ್ವೀಡನ್ನಿನ ಡಾ. ನಾಕೆಮ್ಸನ್ ಬದುಕಿರುವವರ ಮೆತ್ತೆಗೇ ಸೂಜಿ ಹಾಕಿ ಒತ್ತಡ ಅಳೆದರು. ಮುಂದೆ ಜರ್ಮನಿಯ ಉಲ್ಮ್‌ನಲ್ಲಿ ವಿಲ್ಕೆ ಮತ್ತು ಸಂಗಡಿಗರು ತಾನಾಗಿ ಮುಂದೆ ಬಂದ ಒಬ್ಬರ ಮೇಲೆ ಇದನ್ನೇ ಮಾಡಿ, 1999ರಲ್ಲಿ ಪ್ರಕಟಿಸಿದರು. ಬಾಯ್ಲರಿನ ಲೆಕ್ಕದಲ್ಲೇ ಹೇಳುತ್ತೇನೆ. ಸುಮ್ಮನೆ ನಿಂತಾಗ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 5 ಕಿಲೋ. 20 ಕಿಲೋ ಭಾರವನ್ನು ಬೆನ್ನು ಬಾಗಿಸಿ ಎತ್ತಿದಾಗ 23. ಮೊಣಕಾಲು ಮಡಚಿ ಎತ್ತಿದರೆ 17. ಮೈಗೆ ಅವಚಿ ಹಿಡಿದು ನಿಂತರೆ 11.

ಏಕೆ ಹೀಗೆ? ತಕ್ಕಡಿಯನ್ನು ನೆನೆಯಿರಿ. ಭಾರ ಬೆನ್ನುಮೂಳೆಯಿಂದ ಅರ್ಧ ಮೀಟರು ಮುಂದಿದೆ. ಅದನ್ನು ಹಿಂದಕ್ಕೆಳೆಯುವ ಸ್ನಾಯು ಮೂಳೆಯಿಂದ ಐದಾರು ಸೆಂಟಿಮೀಟರು ಮಾತ್ರ. 20 ಕಿಲೋಕ್ಕೆ ಸ್ನಾಯು ಸುಮಾರು 200 ಕಿಲೋ ಜಗ್ಗಬೇಕು. ಅದೆಲ್ಲ ಮೆತ್ತೆಯ ಮೇಲೆಯೇ.

ಮೊಣಕಾಲು ಮಡಚಿರೆಂದು ಎಲ್ಲರೂ ಉಪದೇಶಿಸುತ್ತಾರೆ. ಉದ್ದನೆಯ ಕಬ್ಬಿನ ಹೊರೆ ಮೊಣಕಾಲುಗಳ ನಡುವೆ ಬರುವುದೆಲ್ಲಿ? ನನ್ನ ಮತದಲ್ಲಿ ಹೊರೆ ಚಿಕ್ಕದಾಗಿರುವುದೇ ಮುಖ್ಯ. ತಲೆಯ ಮೇಲೆ ಹೊತ್ತಾಗ ಭಾರ ಬೆನ್ನಿನ ನೇರಕ್ಕೆ ಬರುತ್ತದೆ, ಕುತ್ತಿಗೆಗೆ ಕಷ್ಟವಾದರೂ. ನೆಲದಿಂದ ಎತ್ತುವ ಗಳಿಗೆಯೇ ಸೊಂಟಕ್ಕೆ ಗಂಡಾಂತರ.

ಅಮೆರಿಕದ ಸರಕಾರಿ ಸಂಸ್ಥೆ ನಿಯೋಶ್ 1991ರ ತನ್ನ ಸೂತ್ರದಲ್ಲಿ, ಎಲ್ಲ ಅನುಕೂಲವಿದ್ದಾಗಲೂ ಒಬ್ಬನು ಎತ್ತುವ ಭಾರಕ್ಕೆ 23 ಕಿಲೋ ಮಿತಿ ಹಾಕಿದೆ. ದೂರ ಹಿಡಿದರೆ, ಮೈ ತಿರುಚಿದರೆ, ಮೇಲಿಂದ ಮೇಲೆ ಎತ್ತಿದರೆ ಇನ್ನೂ ಕಡಿಮೆ. ನಮ್ಮ ಹೊಲದ ಹೊರೆ ಎಷ್ಟಿರುತ್ತದೆಂದು ನಿಮಗೇ ಗೊತ್ತು. ಕಡಿಯುವವನ ಸೊಂಟ ಹಂಗಾಮಿನ ನಡುವೆ ಹಿಡಿದರೂ ಅವನು ಪಡೆದ ಮುಂಗಡ ಹಿಡಿಯಷ್ಟೂ ಕರಗುವುದಿಲ್ಲ.

ಈ ಸಲ ಕಟಾವು ಆರಂಭವಾದ ದಿನವೇ ಹೊಲದಲ್ಲಿ ನಾಲ್ಕು ಹೊರೆ ತೂಗಿಸಿರಿ. ಹೆಚ್ಚಿದ್ದರೆ ಮುಕಾದಮನಿಗೆ ಹೇಳಿ ಚಿಕ್ಕದಾಗಿ ಕಟ್ಟಿಸಿರಿ. ನೆಲದಿಂದ ತಲೆಗೆ ಏರಿಸುವಾಗ ಇಬ್ಬರು ಕೈಹಚ್ಚಲಿ. ಗಾಡಿ ತುಂಬಲು ಅರ್ಧ ತಾಸು ತಡವಾದೀತು. ಆಗಲಿ.